ಹುಣಸೆಹಣ್ಣು ತಿಕ್ಕಿದ ರೂಪಾಯಿ

ನಾಣ್ಯದ ಅಂಗಡಿಯೊಂದಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಕೇಳಿದಳು: "ಆಂಟಿ, ಫಳಫಳ ಹೊಳೆದ್ರೆ ಪ್ರೂಫ್, ಮಂಕಾಗಿದ್ರೆ ಮಾಮೂಲಿ. ಅಷ್ಟೇ ತಾನೆ?" ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಮನೆಗೆ ಬಂದವಳು ಎಂದು ಹೇಗೋ ನುಂಗಿಕೊಂಡೆ. ಅವಳನ್ನು ಕಳಿಸಿ ಬಾಗಿಲು ಹಾಕಿದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ, ಬರೆದೇ ಬಿಡೋಣ ಎಂದು ಕುಳಿತಿದ್ದೇನೆ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದದ್ದು ಇದು. ಪ್ರೂಫ್ ಎನ್ನುವುದು ನಾಣ್ಯದ ಹೊಳಪಿನ ಹೆಸರಲ್ಲ, ಅದು ತಯಾರಾದ ಬಗೆಯ ಹೆಸರು. ಸಂತೆಯಲ್ಲಿ, ಬಸ್ಸಿನಲ್ಲಿ ಓಡಾಡುವ ನಾಣ್ಯಕ್ಕೆ ಟಂಕಸಾಲೆಯಲ್ಲಿ ಒಂದೇ ಏಟು, ಅದೂ ಅವಸರದ ಏಟು. ಪ್ರೂಫ್ ನಾಣ್ಯಕ್ಕೆ ಇನ್ನೂ ಅಚ್ಚು ಬೀಳದ ಬಿಲ್ಲೆಯನ್ನೂ ತಿಕ್ಕಿ ನುಣುಪು ಮಾಡುತ್ತಾರೆ, ಅಚ್ಚನ್ನೂ ತಿಕ್ಕಿ ಕನ್ನಡಿ ಮಾಡುತ್ತಾರೆ, ಆಮೇಲೆ ನಿಧಾನವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಖರ್ಚು ಮಾಡಲಿಕ್ಕಲ್ಲ, ಇಟ್ಟುಕೊಳ್ಳಲಿಕ್ಕೆ. ಹೊಳಪು ಅದರ ಜೊತೆಗೆ ಬರುವುದು ನಿಜ. ಆದರೆ ಹೊಳಪು ಹೋಗುತ್ತದೆ, ಬರುತ್ತದೆ, ಯಾರು ಬೇಕಾದರೂ ಬರಿಸುತ್ತಾರೆ. ಅದನ್ನು ನಂಬಿ ಈ ಕೆಲಸ ಮಾಡಿದವರು ಊರೆಲ್ಲ ನಗುವ ಹಾಗೆ ಪೇಚಿಗೆ ಬಿದ್ದದ್ದನ್ನು ನಾನು ನೋಡಿದ್ದೇನೆ.

ನನಗೆ ಇದನ್ನೆಲ್ಲ ಕಲಿಸಿದವರು ವೀರಭದ್ರಪ್ಪನವರು. ದಾವಣಗೆರೆ ಕಡೆಯವರು, ಬಸವೇಶ್ವರನಗರದಲ್ಲಿ ಮನೆ. ವಿಜಯನಗರದಿಂದ ಮಾರೇನಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಅವರ ನಾಣ್ಯದ ಅಂಗಡಿ ಇತ್ತು. ಎಂಬತ್ತರ ದಶಕದ ಆರಂಭ. ಬ್ಯಾಂಕ್ ಪರೀಕ್ಷೆ ಬರೆದು ಬರೆದು ಸೋತಿದ್ದ ನಾನು, ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಅಲ್ಲಿ ಸೇರಿಕೊಂಡೆ. ಗಿರಣಿ ಶುರುವಾದರೆ ನಮ್ಮ ಮೇಜು ನಡುಗುತ್ತಿತ್ತು, ಕಪಾಟಿನ ನಾಣ್ಯಗಳೆಲ್ಲ ಸಣ್ಣಗೆ ಮಾತಾಡುತ್ತಿದ್ದವು. ಸಂಜೆಗೆ ನನ್ನ ತಲೆ ಮೇಲೆ ರಾಗಿಹಿಟ್ಟು. "ಇಂಥ ಜಾಗ ಯಾಕೆ ಹಿಡಿದ್ರಿ ಸಾರ್?" ಎಂದು ಮೊದಲ ದಿನವೇ ಕೇಳಿದೆ. ಅವರು ಉತ್ತರ ದಿಕ್ಕಿನ ದೊಡ್ಡ ಕಿಟಕಿ ತೋರಿಸಿದರು. "ಈ ಬೆಳಕು ಬ್ಯಾರೆ ಕಡೆ ಸಿಗಂಗಿಲ್ಲ ತಂಗಿ. ಹಿಟ್ಟು ಝಾಡಿಸಿದ್ರ ಹೋಕ್ಕತಿ."

ಮೊದಲ ಕೆಲವು ವಾರ ಅವರು ನನಗೆ ನಾಣ್ಯದ ಮುಖ ನೋಡಲು ಬಿಡಲೇ ಇಲ್ಲ. ಬರೀ ಅಂಚು. ನಾಣ್ಯದ ಸುತ್ತ ಒಂದು ಸಣ್ಣ ಕಟ್ಟೆ ಎದ್ದಿರುತ್ತದಲ್ಲ, ಅದಕ್ಕೆ ಅವರು ದಂಡೆ ಎನ್ನುತ್ತಿದ್ದರು. ಮಾಮೂಲಿ ನಾಣ್ಯದ ದಂಡೆ ಕೊಂಚ ಗುಂಡಗೆ, ಮೊದ್ದಾಗಿ ಇರುತ್ತದೆ. ಪ್ರೂಫಿನ ದಂಡೆ ನೆಟ್ಟಗೆ ನಿಂತಿರುತ್ತದೆ, ಹೊಸದಾಗಿ ಕಟ್ಟಿದ ಬಾವಿಯ ದಂಡೆಯ ಹಾಗೆ. ಅಕ್ಷರಗಳೂ ಅಷ್ಟೇ. ಮಾಮೂಲಿಯಲ್ಲಿ ಅಕ್ಷರದ ಬುಡ ನಾಣ್ಯದ ಬಯಲು ನೆಲಕ್ಕೆ ಹರಡಿಕೊಂಡಿರುತ್ತದೆ, ಪ್ರೂಫಿನಲ್ಲಿ ನೆಲದಿಂದ ಗೋಡೆ ಎದ್ದ ಹಾಗೆ ಎದ್ದಿರುತ್ತದೆ. ಹೊಚ್ಚ ಹೊಸ ಮಾಮೂಲಿ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿದರೆ ಹೊಳಪು ಗಾಲಿಯ ಕಡ್ಡಿಗಳಂತೆ ಸುತ್ತುತ್ತದೆ. ಒಂದೇ ಏಟಿಗೆ ಲೋಹ ಹೊರಗೆ ಹರಿದಾಗ ಬಿದ್ದ ಸಣ್ಣ ಗೆರೆಗಳ ಆಟ ಅದು. ಪ್ರೂಫಿನಲ್ಲಿ ಆ ಗಾಲಿ ತಿರುಗುವುದಿಲ್ಲ. ಇಷ್ಟನ್ನು ಈಗ ಒಂದು ಪ್ಯಾರಾದಲ್ಲಿ ಬರೆದುಬಿಟ್ಟೆ, ಕಣ್ಣಿಗೆ ಇಳಿಯಲು ನನಗೆ ಒಂದು ವರ್ಷವೇ ಹಿಡಿಯಿತು.

ಕಾಮಾಕ್ಷಿಪಾಳ್ಯದ ಕಡೆ ಒಂದು ಪಾಲಿಶ್ ಶೆಡ್ಡಿನಲ್ಲಿ ಮುನಿರಾಜು ಎಂಬಾತ ಕೆಲಸಕ್ಕಿದ್ದ. ಕಾರ್ಖಾನೆಗಳ ನಲ್ಲಿ, ಹಿಡಿಕೆಗಳನ್ನು ಚಕ್ರಕ್ಕೆ ಹಿಡಿದು ಮಿಂಚಿಸುವುದು ಅವನ ಕಸುಬು. ಒಂದು ಮಧ್ಯಾಹ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು ಒಂದಷ್ಟು ರೂಪಾಯಿ ನಾಣ್ಯ ತಂದು ಮೇಜಿನ ಮೇಲೆ ಸುರಿದ. "ಸಾರ್, ಎಲ್ಲಾ ಪ್ರೂಫು. ಮುಖ ನೋಡ್ಕೊಂಡು ಮೀಸೆ ತಿದ್ಬೋದು, ಅಂಗಿದೆ ನೋಡಿ!"

ಅವನು ಹೇಳಿದ್ದು ಸುಳ್ಳಲ್ಲ, ನನ್ನ ಮುಖ ಅದರಲ್ಲಿ ಕಂಡಿತು. ನನಗೆ ರೇಗಿತು. ಮೋಸ ಮಾಡಲು ಬಂದಿದ್ದಾನೆ, ಕೆಳಗಿನ ಗಿರಣಿಯವರನ್ನು ಕೂಗಲೇ ಎಂದುಕೊಂಡೆ. ವೀರಭದ್ರಪ್ಪನವರು ಒಂದು ನಾಣ್ಯ ಎತ್ತಿ, ತಿರುಗಿಸಿ, ಮೆಚ್ಚಿಕೊಂಡು ನಕ್ಕರು. "ಭಾರಿ ಕೈ ಐತಿ ನಿಂದು! ನಲವತ್ತು ವರ್ಷದ ಅಂಗಡಿ ಸರಾಫರಿಗೂ ಹಿಂಗ ತಿಕ್ಕಾಕ ಬರಂಗಿಲ್ಲ." ಆಮೇಲೆ ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟರು. "ಈಗ ಈ ಸಿಂಹದ ಜೂಲು ನೋಡು. ಕರಗೇತಿ. ಅಕ್ಷರದ ಮೂಲಿ ನೋಡು, ಸವದೈತಿ. ಟಂಕಸಾಲಿಯವ್ರು ಅಚ್ಚು ತಿಕ್ತಾರ, ನೀ ನಾಣ್ಯ ತಿಕ್ಕೀದಿ. ಅದಕ್ಕ ನಿಂದರಾಗ ಎತ್ತರ ಇದ್ದದ್ದೆಲ್ಲ ತಗ್ಗಾಗೇತಿ."

ಮುನಿರಾಜು ಬಹಳ ಹೊತ್ತು ನೋಡಿದ. "ಹೌದಲ್ಲ ಸಾರ್! ನಮ್ ಚಕ್ರದ ಗೆರೆ ಕಾಣ್ಸ್ತಾ ಇದೆ" ಎಂದ. ಅವನನ್ನು ಬೈದು ಕಳಿಸುವ ಬದಲು ಸಾರ್ ಬೆಲ್ಲದ ಕಾಫಿ ತರಿಸಿ ಕುಡಿಸಿದರು. ಅಲ್ಲಿಂದ ಮುಂದೆ ಅನುಮಾನದ ನಾಣ್ಯ ಬಂದಾಗಲೆಲ್ಲ ಮುನಿರಾಜುವಿಗೆ ಹೇಳಿಕಳಿಸುತ್ತಿದ್ದೆವು. ಅವನು ಒಂದು ನೋಟಕ್ಕೆ "ಇದು ಬಟ್ಟೆ ಚಕ್ರ", "ಇದು ಬರೀ ಹಲ್ಲುಪುಡಿ ಸಾರ್, ಕೈಲಿ ಉಜ್ಜಿದಾರೆ" ಎಂದು ಹೇಳುತ್ತಿದ್ದ. ಶತ್ರುವಾಗಬಹುದಾಗಿದ್ದವನನ್ನು ಹೀಗೆ ನಮ್ಮವನನ್ನಾಗಿ ಮಾಡಿಕೊಳ್ಳುವ ಬುದ್ಧಿ ನನಗಂತೂ ಈ ಜನ್ಮದಲ್ಲಿ ಬರಲಿಲ್ಲ.

ಅವರು ಎಡವಲೇ ಇಲ್ಲ ಎಂದಲ್ಲ. ಹೊಸ ಅಚ್ಚಿನಿಂದ ಬಿದ್ದ ಮೊದಮೊದಲ ಮಾಮೂಲಿ ನಾಣ್ಯಗಳು ಕೆಲವು ಸಲ ಪ್ರೂಫಿನ ಹಾಗೇ ಮಿಂಚುತ್ತವೆ. ಅಂಥದ್ದೊಂದನ್ನು ಸಾರ್ ಪ್ರೂಫ್ ಎಂದು ರಾಜಾಜಿನಗರದ ಒಬ್ಬ ಮೇಷ್ಟರಿಗೆ ಕೊಟ್ಟಿದ್ದರು. ಎಷ್ಟೋ ಕಾಲದ ಮೇಲೆ ಆ ಮೇಷ್ಟರು ಬೇರೇನನ್ನೋ ತೋರಿಸಲು ಬಂದಾಗ ಅದೂ ಜೊತೆಯಲ್ಲಿತ್ತು. ಸಾರ್ ಅದನ್ನು ಕಿಟಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಮೇಷ್ಟರಿಗೆ ಏನೂ ಗೊತ್ತಾಗಿರಲಿಲ್ಲ, ಗೊತ್ತಾಗುವ ಸಂಭವವೂ ಇರಲಿಲ್ಲ. ಇವರೇ ಬಾಯಿಬಿಟ್ಟು ತಪ್ಪು ಹೇಳಿ, ನಾಣ್ಯ ವಾಪಸ್ ತೆಗೆದುಕೊಂಡು, ಹಣ ತಿರುಗಿಸಿ ಕೊಟ್ಟರು. "ಸಾರ್, ಸುಮ್ನಿದ್ದಿದ್ರೆ ಆಗ್ತಿತ್ತು" ಎಂದೆ ನಾನು, ಅಂಗಡಿಯ ಹಿತ ನೋಡುವವಳಂತೆ.

"ನನಗ ಅದು ಪ್ರೂಫ್ ಆಗ್ಬೇಕಿತ್ತು ತಂಗಿ," ಎಂದರು. "ಒಂದು ಬೇಕು ಬೇಕು ಅಂತ ಹುಡುಕ್ತಿದ್ದೆ. ಬೇಕಂತ ನೋಡಿದೆ, ಹಂಗ ಕಾಣ್ತು."

ಅವತ್ತಿನಿಂದ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು. ಅನುಮಾನದ ನಾಣ್ಯ ಯಾವುದೇ ಬರಲಿ, ಯಾರದು, ಎಲ್ಲಿಯದು ಎಂದು ಹೇಳದೆ ನನ್ನ ತಟ್ಟೆಯಲ್ಲಿ ಇಡುವರು. ನಾನು ನೋಡಿ, ತೀರ್ಮಾನ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಆಮೇಲೆ ಅವರು ನೋಡುವರು. ಕೊನೆಗೆ ಇಬ್ಬರೂ ಹೇಳುವುದು. ಒಂದೇ ಆದರೆ ಸರಿ, ಬೇರೆಯಾದರೆ ಮಾರನೆಯ ದಿನ ಬೆಳಗಿನ ಬೆಳಕಿನಲ್ಲಿ ಮತ್ತೆ. ನನ್ನಂಥ ನಿನ್ನೆ ಮೊನ್ನೆ ಬಂದವಳ ಮಾತಿಗೂ ತಮ್ಮ ಮಾತಿಗೂ ಒಂದೇ ತೂಕ ಕೊಟ್ಟರಲ್ಲ, ಆ ದೊಡ್ಡಗುಣವನ್ನು ನಾನು ಈಗಲೂ ನೆನೆಯುತ್ತೇನೆ.

ಆ ದಶಕದಲ್ಲಿ ಬದಲಾದದ್ದು ಇನ್ನೂ ಬೇಕಾದಷ್ಟಿದೆ. ಮೊದಲು ಕಾಗದದ ಪೊಟ್ಟಣ ಇತ್ತು, ಆಮೇಲೆ ಮೆತ್ತನೆಯ ಪ್ಲಾಸ್ಟಿಕ್ ಕವರು ಬಂತು. ಎಲ್ಲರೂ ಕುಣಿದಾಡಿಕೊಂಡು ಕೊಂಡೆವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಕೂತಿತು. ಮತ್ತೆ ಕಾಗದಕ್ಕೇ ಬಂದೆವು. ಟ್ಯೂಬ್‌ಲೈಟ್ ಹಾಕಿಸಿದೆವು, ಅದರ ಕೆಳಗೆ ಎಲ್ಲ ನಾಣ್ಯವೂ ಒಂದೇ ತರ ಕಂಡು ಅದನ್ನೂ ಬಿಟ್ಟೆವು. ಈಗಿನವರು ಫೋನಿನಲ್ಲಿ ಫೋಟೋ ನೋಡಿ ಹೇಳುತ್ತಾರಂತೆ. ಹೇಳಲಿ. ಓರೆ ಮಾಡಲು ಆಗದ ನಾಣ್ಯವನ್ನು ನೋಡಿ ನಾನಂತೂ ಏನೂ ಹೇಳುವುದಿಲ್ಲ.

ಇಷ್ಟು ಹೇಳಿದ್ದು ನಂಜುಂಡಯ್ಯನವರ ರೂಪಾಯಿಯ ವಿಷಯಕ್ಕೆ ಬರಲು.

ನಂಜುಂಡಯ್ಯನವರು ಕಾರ್ಖಾನೆಯಿಂದ ನಿವೃತ್ತರಾದವರು, ಆರ್‌ಪಿಸಿ ಲೇಔಟಿನಲ್ಲಿ ಸ್ವಂತ ಮನೆ. ಅವರ ಹತ್ತಿರ ಒಂದು ಅಪರೂಪದ ವಸ್ತು ಇತ್ತು. ಐದನೇ ಜಾರ್ಜ್ ರಾಜನ ತಲೆಯಿರುವ ಬೆಳ್ಳಿ ರೂಪಾಯಿ, ಆದರೆ ಪ್ರೂಫ್. ಹಿಂದೆ ಟಂಕಸಾಲೆಗೆ ಬರೆದರೆ ಹಳೆಯ ಅಚ್ಚಿನಿಂದ ಸಂಗ್ರಹಕಾರರಿಗೆ ಹೊಡೆದುಕೊಡುತ್ತಿದ್ದರು. ಪ್ರಾಯದಲ್ಲಿ ಇವರು ಹಾಗೆ ಕಲ್ಕತ್ತೆಯಿಂದ ತರಿಸಿದ್ದು. ಬೇರೆ ಕೆಲವು ಟಂಕಸಾಲೆಯವರು ಗುರುತು ಹಾಕುತ್ತಿದ್ದರೂ ಕಲ್ಕತ್ತೆಯವರು ತಮ್ಮ ನಾಣ್ಯದ ಮೇಲೆ ಹಾಕುತ್ತಿರಲಿಲ್ಲ. ಹಾಗಾಗಿ ಮಾಮೂಲಿಗೂ ಇದಕ್ಕೂ ಬರವಣಿಗೆಯಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಹಿಂದೊಮ್ಮೆ ಅದನ್ನು ಕೆಂಪು ಮಖಮಲ್ಲಿನ ಪೆಟ್ಟಿಗೆಯಲ್ಲಿ ಅಂಗಡಿಗೆ ತಂದು ತೋರಿಸಿದ್ದರು. ನೆಲ ಕಪ್ಪು ಕನ್ನಡಿ, ಅದರ ಮೇಲೆ ರಾಜನ ಮುಖ ಮಂಜು ಕವಿದ ಹಾಗೆ ಬಿಳಿ. ಸಾರ್ ಕೈಮುಗಿದಿದ್ದರು.

ಒಂದು ರಾಜ್ಯೋತ್ಸವಕ್ಕೆ ನಮ್ಮ ಕಡೆಯ ಸಂಘದವರು ವಿಜಯನಗರದ ಕಲ್ಯಾಣಮಂಟಪದಲ್ಲಿ ನಾಣ್ಯ ಪ್ರದರ್ಶನ ಇಟ್ಟುಕೊಂಡರು. ಸಾರ್ ನಂಜುಂಡಯ್ಯನವರನ್ನು ಅದೇ ರೂಪಾಯಿ ಕೇಳಿದರು. ಮಾಮೂಲಿ ರೂಪಾಯಿಯ ಪಕ್ಕ ಇದನ್ನಿಟ್ಟು ಜನರಿಗೆ ವ್ಯತ್ಯಾಸ ತೋರಿಸಬೇಕೆಂದು ಅವರ ಆಸೆ. ನಂಜುಂಡಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮದುವೆಗೆ ಬಂದವರ ಹಾಗೆ ಬಂದು ಪೆಟ್ಟಿಗೆ ಇಟ್ಟರು.

ಸಾರ್ ಮುಚ್ಚಳ ತೆಗೆದರು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ತಿರುಗಿದರು. ಏನೂ ಹೇಳದೆ ನನ್ನ ತಟ್ಟೆಗೆ ಇಟ್ಟರು. ನಾನು ನೋಡಿದೆ. ದಂಡೆ ಗುಂಡಗೆ, ಅಕ್ಷರದ ಬುಡ ಹರಡಿದೆ, ಕೈಯಿಂದ ಕೈಗೆ ಓಡಾಡಿ ರಾಜನ ಗಡ್ಡ ಸವೆದಿದೆ. ತೊಳೆದಿಟ್ಟ ಮಾಮೂಲಿ ರೂಪಾಯಿ. ನಾನು ತಲೆ ಎತ್ತಿದೆ, ಅವರು ಕಣ್ಣಲ್ಲೇ ಹೌದು ಎಂದರು.

"ಇದು ಪ್ರೂಫ್ ಅಲ್ಲ ಸ್ವಾಮಿ," ಎಂದರು ಸಾರ್, ಮೆಲ್ಲಗೆ. "ಅವತ್ತು ನೀವು ತೋರ್ಸಿದ್ದು ಇದಲ್ಲ."

ನಂಜುಂಡಯ್ಯನವರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪೆಟ್ಟಿಗೆ ಬೀರೂಲೇ ಇತ್ತು. ಕೀ ಸೊಸೆ ಹತ್ರ ಬಿಟ್ಟು ನಾವು ಧರ್ಮಸ್ಥಳಕ್ಕೆ ಹೋಗಿದ್ವಿ. ಅವಳಣ್ಣ ಬಂದು ಉಳ್ಕೊಂಡಿದ್ದ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. "ಸ್ವಾಮಿ, ಅವಸರ ಮಾಡಬ್ಯಾಡ್ರಿ" ಎಂದು ಸಾರ್ ಎದ್ದು ನಿಲ್ಲುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಮೆಟ್ಟಿಲಲ್ಲಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳೇ ನಂಜುಂಡಯ್ಯನವರ ಸೊಸೆ ವಸಂತ.

"ಅಕ್ಕ, ನಿಮ್ ಸಾರ್ ಹೇಳಿದ್ದು ನಿಜಾನಾ? ಬೇರೆ ರೂಪಾಯಿನಾ ಅದು?" ಎಂದಳು.

ನಿಜ ಎನ್ನದೆ ವಿಧಿಯಿರಲಿಲ್ಲ.

"ನಾನು ಮುಟ್ಟೇ ಇಲ್ಲ ಅಕ್ಕ. ನಮ್ಮಣ್ಣನಿಗೆ ಕೊಟ್ಟಿದೀನಿ ಅಂತಾರೆ ಮಾವ. ಭಾನುವಾರ ಅವನು ಬಂದು ಕರ್ಕೊಂಡು ಹೋಗ್ಬೇಕಂತೆ. ರೂಪಾಯಿ ತಂದ್ರೆ ಮಾತ್ರ ಒಳಗೆ ಬಾ ಅಂದಿದಾರೆ. ಇಲ್ದಿರೋದನ್ನ ಎಲ್ಲಿಂದ ತರ್ಲಿ ಹೇಳಿ?"

"ನಿಮ್ ಯಜಮಾನ್ರು ಏನಂತಾರೆ?" ಎಂದೆ. ಅವಳು ಸೆರಗಿನ ತುದಿ ನೋಡಿದಳು. ಬಾಯಿ ಬಿಡದ ಗಂಡ ಎಂದು ಗೊತ್ತಾಯಿತು. ಎದುರಿಗೆ ಸಿಕ್ಕಿದ್ದರೆ ಅವನಿಗೆ ಎರಡು ಮಾತು ಕೇಳಿಸಿಬಿಡುತ್ತಿದ್ದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಾರ್ ಒಳಗೆ ಬಂದು ಕೂತರು. "ನಾ ಪ್ರದರ್ಶನಕ್ಕ ಕೇಳದಿದ್ರ ಇದೆಲ್ಲ ಆಗ್ತಿರಲಿಲ್ಲ" ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ಮನ್ಯಾಗ ಇಂಥ ರಾಜನ ತಲಿ ರೂಪಾಯಿ ಬ್ಯಾರೆ ಅದಾವೇನವಾ?"

"ಇವೆ ಸಾರ್. ದೇವರ ಮನೇಲಿ ಅತ್ತೆ ಇಟ್ಕೊಂಡಿದಾರೆ. ವರಮಹಾಲಕ್ಷ್ಮಿಗೆ ಕಳಶಕ್ಕೆ ಹಾಕ್ತಾರೆ."

"ಹಂಗನ್ನು! ಪೆಟ್ಟಿಗ್ಯಾಗಿದ್ದ ರೂಪಾಯಿ ಅಕ್ಷರದ ಸಂದ್ಯಾಗ ಕುಂಕುಮ ಕಂಡಿದ್ದೆ ನಾ. ಕದ್ದೋರು ಹೊರಗಿಂದ ತಂದು ಇಟ್ಟಿದ್ರ ಕುಂಕುಮ ಎಲ್ಲಿಂದ ಬರ್ತಿತ್ತು? ಅವನ್ನೆಲ್ಲ ಒಂದ್ಸಲ ತರ್ತೀಯೇನವಾ?"

ವಸಂತಳ ಮುಖ ಮತ್ತೆ ಬಾಡಿತು. "ಆಗಲ್ಲ ಸಾರ್. ಲಕ್ಷ್ಮೀನ ಹೊಸ್ತಿಲು ದಾಟಿಸ್ಬಾರ್ದು ಅಂತಾರೆ ಅತ್ತೆ."

"ಹಂಗಾರ ನಾವ ಬರ್ತೀವಿ."

ಶನಿವಾರ ಬೆಳಿಗ್ಗೆ ನಾವಿಬ್ಬರೂ ಆರ್‌ಪಿಸಿ ಲೇಔಟಿಗೆ ನಡೆದೇ ಹೋದೆವು. ನಂಜುಂಡಯ್ಯನವರು ಬಾಗಿಲಲ್ಲೇ ತಡೆದರು. "ನಿಮ್ಮ ಮಾತಿಂದಾನೇ ಮನೆ ಹೀಗಾಗಿದೆ. ಇನ್ನೇನು ಉಳಿದಿದೆ ಹೇಳೋಕೆ?"

"ಅದಕ್ಕ ಬಂದೀನಿ ಸ್ವಾಮಿ. ಪೂಜಿ ರೂಪಾಯಿ ಒಂದ್ಸಲ ನೋಡ್ತೀನಿ. ಸಿಗದಿದ್ರ ನಿಮ್ಮ ಕಾಲಿಗೆ ಬಿದ್ದು ಹೋಕ್ಕೀನಿ."

ಅಷ್ಟು ದೊಡ್ಡ ಮನುಷ್ಯ ಹಾಗೆಂದಾಗ ಅವರು ದಾರಿ ಬಿಟ್ಟರು. ಅವರ ಹೆಂಡತಿ ಜಯಮ್ಮನವರು ದೇವರ ಮನೆಯ ಹೊಸ್ತಿಲಲ್ಲಿ ನಿಂತು, "ಸ್ನಾನ ಆಗಿದ್ಯಾ?" ಎಂದು ಕೇಳಿದರು. ಆಗಿದೆ ಎಂದ ಮೇಲೆ ಕೈಕಾಲು ತೊಳೆಸಿ, ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ರೂಪಾಯಿಗಳನ್ನು ಇಟ್ಟು ತಂದರು. ಒಂದು ಹಿಡಿಯಷ್ಟಿದ್ದವು. ಎಲ್ಲವೂ ಹುಣಸೆಹಣ್ಣಿನಲ್ಲಿ ತೊಳೆದು ತೊಳೆದು ಒಂದೇ ಬಿಳಿ. ಒಂದೇ ತಾಯಿಯ ಮಕ್ಕಳ ಹಾಗೆ ಕೂತಿದ್ದವು. ಕಪ್ಪು ಕನ್ನಡಿ ಎಲ್ಲೂ ಇರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ವಸಂತ ನಿಂತಿದ್ದಳು. ಅವಳ ಪಕ್ಕದಲ್ಲಿ ಕಟ್ಟಿಟ್ಟ ಬಟ್ಟೆಗಂಟು ಇತ್ತು.

ಸಾರ್ ತಟ್ಟೆಯನ್ನು ಕಿಟಕಿ ಕೆಳಗೆ ಇಡಿಸಿ, ನನ್ನ ಮುಂದಕ್ಕೆ ದೂಡಿದರು. "ನೀ ನೋಡು ಮೊದಲು."

"ನಾನಾ ಸಾರ್? ಇಂಥ ಹೊತ್ತಲ್ಲಿ?"

"ನನಗ ಭಾಳ ಬೇಕಾಗೇತಿ ತಂಗಿ ಇದು. ನನ್ನ ಕಣ್ಣು ನಂಬಂಗಿಲ್ಲ" ಎಂದು ಹೇಳಿ ಬೀದಿಯ ಕಡೆ ಮುಖ ಮಾಡಿ ಕೂತುಬಿಟ್ಟರು.

ನನಗೂ ಬೇಕಾಗಿತ್ತು, ಅವರಿಗಿಂತ ಹೆಚ್ಚೇ ಬೇಕಾಗಿತ್ತು. ಬಾಗಿಲ ಕಡೆ ನೋಡಬಾರದೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಹೊಳಪು ಹುಡುಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬರೀ ಅಂಚು. ಒಂದೊಂದನ್ನೇ ಎತ್ತಿ ಓರೆಯಾಗಿ ಹಿಡಿದೆ. ಗುಂಡಗೆ. ಗುಂಡಗೆ. ಮೊದ್ದು. ಇನ್ನೊಂದು ಮೊದ್ದು. ತಟ್ಟೆ ಅರ್ಧ ಮುಗಿದ ಮೇಲೆ ಒಂದು ನಾಣ್ಯ ಬೆರಳಿಗೆ ಬೇರೆ ತರ ಸಿಕ್ಕಿತು. ದಂಡೆ ನೆಟ್ಟಗಿತ್ತು. ಭೂತಗನ್ನಡಿ ಹಿಡಿದೆ. ನೆಲವೆಲ್ಲ ನಾರಿನಲ್ಲಿ ತಿಕ್ಕಿದ ಗೀರು, ದಂಡೆಯ ಒಳಗೆ ಸುತ್ತಲೂ ಇರುವ ಚುಕ್ಕಿಗಳ ನಡುವೆ ಒಣಗಿದ ಕುಂಕುಮ. ಆದರೆ ಚುಕ್ಕಿಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಗುಂಡಗೆ ನಿಂತಿದ್ದವು. ಅಕ್ಷರಗಳು ಗೋಡೆಯ ಹಾಗೆ ಎದ್ದಿದ್ದವು. ಗಡ್ಡದ ಕೂದಲು ಎಣಿಸುವಂತಿತ್ತು. ಕಿರೀಟದ ಸಂದಿಯಲ್ಲಿ, ನಾರು ಹೋಗಲಾರದ ಜಾಗದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಕನ್ನಡಿಯ ಚೂರು ಉಳಿದಿತ್ತು.

ಕೂಗಬೇಕೆನಿಸಿತು. ಪದ್ಧತಿ ಪದ್ಧತಿಯೇ. ಅದನ್ನು ಉಳಿದವುಗಳ ಜೊತೆ ಅಕ್ಕಿಯಲ್ಲಿ ಕಲಸಿ, "ನೋಡ್ದೆ ಸಾರ್" ಎಂದಷ್ಟೇ ಹೇಳಿದೆ. ನನ್ನ ದನಿ ಕೇಳಿಯೇ ಅವರಿಗೆ ಗೊತ್ತಾಗಿರಬಹುದು ಎಂದು ಇವತ್ತಿಗೂ ಅನುಮಾನವಿದೆ.

ಅವರು ತಿರುಗಿ ಕೂತು ಎಲ್ಲವನ್ನೂ ಮೊದಲಿನಿಂದ ನೋಡಿದರು. ನಾನು ಎತ್ತಿದ್ದನ್ನೇ ಎತ್ತಿದರು, ಕೆಳಗಿಟ್ಟರು, ಉಳಿದವನ್ನೂ ನೋಡಿ ಮುಗಿಸಿದರು, ಮತ್ತೆ ಅದನ್ನೇ ಎತ್ತಿಕೊಂಡರು. "ನೀ ಯಾವ್ದು ಅಂದಿ?"

"ಅದೇ ಸಾರ್, ನಿಮ್ಮ ಕೈಲಿರೋದು."

ಭೂತಗನ್ನಡಿಯನ್ನು ನಂಜುಂಡಯ್ಯನವರಿಗೆ ಕೊಟ್ಟು, ಇನ್ನೊಂದು ರೂಪಾಯಿಯನ್ನು ಪಕ್ಕಕ್ಕೆ ಹಿಡಿದು ಒಂದೊಂದಾಗಿ ತೋರಿಸಿದರು. ದಂಡೆ, ಚುಕ್ಕಿ, ಅಕ್ಷರ, ಕಿರೀಟದ ಸಂದಿಯ ಚೂರು. ನಂಜುಂಡಯ್ಯನವರು ಆ ಚೂರನ್ನು ಬಹಳ ಹೊತ್ತು ನೋಡಿದರು. "ಇದೇ... ಇದೇ ನಂದು" ಎಂದರು. ಮರುಕ್ಷಣವೇ ಮುಖ ಗಡುಸಾಯಿತು. "ಹಂಗಾದ್ರೆ ಇದನ್ನ ಪೆಟ್ಟಿಗೆಯಿಂದ ತೆಗ್ದು ಇದ್ರೊಳಗೆ ಸೇರ್ಸಿದ್ದು ಯಾರು?" ಎನ್ನುತ್ತ ಮತ್ತೆ ಸೊಸೆಯ ಕಡೆಗೇ ನೋಡಿದರು.

ನನಗೆ ತಡೆಯಲಾಗಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರು ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಬಾಯಿ ತೆರೆದೆ. ಸಾರ್ ನನ್ನ ಕಡೆ ಒಂದು ನೋಟ ನೋಡಿದರು, ಅಷ್ಟೇ. ಬಾಯಿ ಮುಚ್ಚಿದೆ.

"ಅದು ನಾ ಹೇಳಂಗಿಲ್ಲ ಸ್ವಾಮಿ. ರೂಪಾಯಿ ಮನಿ ಬಿಟ್ಟು ಹೋಗಿಲ್ಲ. ಯಾರೂ ಕದ್ದಿಲ್ಲ. ಇಷ್ಟ ನನಗ ಗೊತ್ತು."

ದೇವರ ಮನೆಯ ಹೊಸ್ತಿಲಿಂದ ಜಯಮ್ಮನವರ ದನಿ ಬಂತು.

"ನಾನು ಕಣ್ರೀ."

ನಂಜುಂಡಯ್ಯನವರು ತಿರುಗಿದರು.

"ಮಗಳು ಹೊಸ ಮನೆಗೆ ಹೋದಾಗ ಒಂದು ರೂಪಾಯಿ ಕೊಟ್ಟಿದ್ನಲ್ಲ, ಈ ಸಲ ಹಬ್ಬಕ್ಕೆ ಕಳಶಕ್ಕೆ ಒಂದು ಕಡಿಮೆ ಬಿತ್ತು. ಬೀರೂಲಿರೋದೂ ಇಂಥದ್ದೇ ಅಲ್ವಾ ಅಂತ ತೆಗ್ದು ಹಾಕ್ದೆ. ಹಬ್ಬ ಆದ್ಮೇಲೆ ಎಲ್ಲಾ ಸೇರ್ಸಿ ತಿಕ್ಕಿ ತೊಳ್ದು, ಒಂದನ್ನ ನಿಮ್ಮ ಪೆಟ್ಟಿಗೇಲಿ ಇಟ್ಟೆ. ಎಲ್ಲದ್ರಲ್ಲೂ ಅದೇ ರಾಜ ತಾನೆ? ನಂಗೇನು ಗೊತ್ತು! ಮೊನ್ನೆ ನೀವು ಕೂಗಾಡ್ದಾಗ ಹೊಳೀತು. ಭಯಕ್ಕೆ ಬಾಯೇ ಬರ್ಲಿಲ್ಲ. ಈ ಹುಡ್ಗಿ ಬೈಸ್ಕೊಂಡು ನಿಂತಿದ್ಲು, ನಾನು ಅನ್ನ ಬಸೀತಾ ಇದ್ದೆ." ಅವರು ಸೊಸೆಯ ಹತ್ತಿರ ನಡೆದು ಹೋಗಿ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣೇ ವಸಂತ."

ಸೊಸೆಗೆ ಹೀಗೆ ಎಲ್ಲರೆದುರಿಗೆ ಹೇಳಿದ ಅತ್ತೆಯನ್ನು ನಾನು ಅವತ್ತೇ ಮೊದಲು ನೋಡಿದ್ದು, ಆಮೇಲೂ ಹೆಚ್ಚು ನೋಡಿಲ್ಲ. ವಸಂತ ಅತ್ತೆಯ ಹೆಗಲಿಗೆ ಮುಖವಿಟ್ಟು ಅಳತೊಡಗಿದಳು. ನನಗೂ ಅಳು ಬಂತು. ಸಾರ್ ಅಂಗವಸ್ತ್ರದಿಂದ ಭೂತಗನ್ನಡಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದರು.

ನಂಜುಂಡಯ್ಯನವರು ರೂಪಾಯಿಯನ್ನು ಅಂಗೈಯಲ್ಲಿ ಇಟ್ಟು ನೋಡಿದರು. "ಹೊಳಪೆಲ್ಲ ಹೋಯ್ತಲ್ಲ ಸಾರ್. ಇನ್ನೂ ಪ್ರೂಫ್ ಅಂತೀರಾ ಇದನ್ನ?"

"ಪ್ರೂಫ್ ಆಗಿ ಹುಟ್ಟೇತ್ರಿ ಅದು. ಹುಣಸಿಹಣ್ಣು ತಿಕ್ಕಿದ್ರ ಮಾಮೂಲಿ ಹೆಂಗ ಆಕ್ಕತಿ? ಹಿಂಗ ಪ್ರದರ್ಶನಕ್ಕ ಕೊಡ್ರಿ. ನಾ ಮುಂದ ಇಟ್ಟು ತೋರಿಸ್ತೀನಿ."

ನಂಜುಂಡಯ್ಯನವರು ಎದ್ದರು. ಸೊಂಟದಿಂದ ಬೀರುವಿನ ಕೀ ತೆಗೆದರು. ಅವರ ಬಾಯಲ್ಲಿ ಕ್ಷಮಿಸು ಎನ್ನುವ ಮಾತು ಬರುವಂತಿರಲಿಲ್ಲ. ಕೀಲಿಯನ್ನೂ ರೂಪಾಯಿಯನ್ನೂ ಸೊಸೆಯ ಮುಂದೆ ಹಿಡಿದು, "ಇವೆರಡೂ ಇನ್ಮೇಲೆ ನಿನ್ನ ಹತ್ರಾನೇ ಇರ್ಲಮ್ಮ" ಎಂದರು.

ವಸಂತ ಕಣ್ಣೊರೆಸಿಕೊಂಡು ಕೀ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು, ಹಿತ್ತಾಳೆ ತಟ್ಟೆಯ ಅಕ್ಕಿಯ ಮೇಲೆ, ಉಳಿದವುಗಳ ನಡುವೆ ಇಟ್ಟಳು. "ಇದು ಕಳಶದಲ್ಲೇ ಇರ್ಲಿ ಮಾವ. ಅತ್ತೆಗೆ ಒಂದು ಕಡಿಮೆ ಬೀಳುತ್ತಲ್ಲ."

ಸಾರ್‌ಗೆ ಎದೆಗೆ ಒನಕೆ ಬಿದ್ದಂತಾಯಿತು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಪ್ರೂಫ್ ರೂಪಾಯಿ, ಮತ್ತೆ ಕಳಶದ ನೀರಿಗೆ! ಬಾಯಿ ತೆರೆದರು. ಅತ್ತೆ ಸೊಸೆಯರನ್ನು ನೋಡಿದರು. ಬಾಯಿ ಮುಚ್ಚಿದರು. ಕೊನೆಗೆ ಕೈಮುಗಿದು ಬೇಡಿಕೊಂಡರು: "ಹುಣಸಿಹಣ್ಣೊಂದು ಬ್ಯಾಡ ನಮ್ಮವ್ವ. ಬರೇ ನೀರಾಗ ಅದ್ದಿ, ತಿಕ್ಕದಂಗ ಒಣಗಿಸ್ರಿ, ಸಾಕು." ಆ ಮನೆಯಲ್ಲಿ ಆಗ ಎಲ್ಲರೂ ನಕ್ಕರು, ನಂಜುಂಡಯ್ಯನವರೂ.

ಪ್ರದರ್ಶನದ ದಿನ ಗಾಜಿನ ಪೆಟ್ಟಿಗೆಯಲ್ಲಿ ಮಾಮೂಲಿ ರೂಪಾಯಿ ಒಂದನ್ನೇ ಇಟ್ಟೆವು. ಅದರ ಪಕ್ಕ ಮುನಿರಾಜು ಮಾಡಿಕೊಟ್ಟಿದ್ದ ಹಿತ್ತಾಳೆ ಸ್ಟ್ಯಾಂಡು ಖಾಲಿ. ಅದರ ಕೆಳಗಿನ 'ಪ್ರೂಫ್' ಎಂಬ ಚೀಟಿ ತೆಗೆಯುತ್ತೇನೆ ಎಂದರೆ ಸಾರ್ ಬಿಡಲಿಲ್ಲ. ದೊಡ್ಡ ಸಂಗ್ರಹಕಾರರೊಬ್ಬರು ಬಗ್ಗಿ ನೋಡಿ, "ಏನ್ ಸಾರ್, ಮುಖ್ಯವಾದ್ದೇ ಇಲ್ವಲ್ಲ, ಎಲ್ಲಿ ಹೋಯ್ತು?" ಎಂದು ಕೇಳಿದರು.

"ಐತ್ರಿ," ಎಂದರು ನಮ್ಮ ಸಾರ್, ಅಷ್ಟೂ ಜನರ ನಡುವೆ ಹೆಮ್ಮೆಯಿಂದ. "ಪೂಜ್ಯಾಗ ಕುಂತೈತಿ. ಅದನ್ನ ನೋಡ್ಬೇಕಂದ್ರ ಸ್ನಾನ ಮಾಡ್ಕೊಂಡು ಆರ್‌ಪಿಸಿ ಲೇಔಟಿಗೆ ಹೋಗ್ರಿ."